ಒಲೆಯ ಮುಂದಿನ ಫರಸಿ

ನಮ್ಮ ಅಪ್ಪ ಫರಸಿ ಹಾಸುವ ಗೌಂಡಿ. ಬಸವಕಲ್ಯಾಣದ ಹಳೆಯ ಓಣಿಗಳಲ್ಲಿ ನೀವು ಯಾರದಾದರೂ ಮನೆಗೆ ಹೋಗಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಪಾದಕ್ಕೆ ತಣ್ಣಗೆ ತಾಗುವ ನೀಲಿ ಬೂದು ಬಣ್ಣದ ಚಪ್ಪಡಿ ಇರುತ್ತದಲ್ಲ, ಅದನ್ನು ನಮ್ಮ ಅಪ್ಪನೇ ಹಾಸಿರಬಹುದು. ಶಹಾಬಾದಿನ ಕಡೆಯ ಗಣಿಗಳಿಂದ ಲಾರಿಯಲ್ಲಿ ಬರುವ ಈ ಕಲ್ಲಿಗೆ ನಮ್ಮಲ್ಲಿ ಫರಸಿ ಎಂದೇ ಹೆಸರು. ಪುಸ್ತಕದಲ್ಲಿ ಇದು ಸುಣ್ಣದ ಕಲ್ಲು, ಕಣಶಿಲೆ. ನಾನು ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಎಂಟನೇ ತರಗತಿಗೆ ಪ್ರತಿ ವರ್ಷ ಶಿಲೆಗಳ ಪಾಠ ಮಾಡುತ್ತೇನೆ. ಅಂದರೆ ಅಪ್ಪ ಜೀವನವಿಡೀ ಬಗ್ಗಿ ಹಾಸಿದ್ದನ್ನು ನಾನು ನಿಂತು ಓದಿಸುತ್ತೇನೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹದಿನೈದು ವರ್ಷ ಉತ್ತರಪತ್ರಿಕೆ ನೋಡಿ ನೋಡಿ ನನಗೆ ತಿದ್ದುವ ಚಟ ಹತ್ತಿದೆ. ಬಸ್ಸಿನ ಬೋರ್ಡು, ಲಗ್ನಪತ್ರಿಕೆ, ಹೋಟೆಲಿನ ಗೋಡೆಯ ಮೇಲಿನ ತಿಂಡಿಯ ಪಟ್ಟಿ, ಯಾವುದನ್ನೂ ಸುಮ್ಮನೆ ಓದಲಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರು ನನ್ನ ಜೊತೆ ವಾದಕ್ಕೆ ಇಳಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಅಪ್ಪ ಮಾತ್ರ ಬಿಟ್ಟಿರಲಿಲ್ಲ.

ಅಪ್ಪ ಕಲ್ಲು ಆರಿಸುವುದನ್ನು ನೋಡಬೇಕಿತ್ತು. ಆಗ ಲಾರಿಗಳು ಹುಮನಾಬಾದಿನ ಹೆದ್ದಾರಿಯ ಪಕ್ಕ ಕಲ್ಲು ಇಳಿಸುತ್ತಿದ್ದವು. ಅಪ್ಪ ಮೊದಲನೆಯ ಬಸ್ಸಿಗೆ ಹೋಗಿ, ಗೋಡೆಗೆ ಒರಗಿಸಿ ನಿಲ್ಲಿಸಿದ ಚಪ್ಪಡಿಗಳನ್ನು ಸುತ್ತಿಗೆಯ ಹಿಡಿಯಿಂದ ಒಂದೊಂದಾಗಿ ತಟ್ಟುತ್ತಿದ್ದ. ಠಣ್ ಎಂದರೆ ಬಲಕ್ಕೆ, ಬದ್ ಎಂದರೆ ಎಡಕ್ಕೆ. ಆಮೇಲೆ ಅಂಚಿಗೆ ಕಣ್ಣು ತಂದು ಪದರು ನೋಡುತ್ತಿದ್ದ, ಉಗುರಿನಿಂದ ಕೆರೆಯುತ್ತಿದ್ದ. ಪದರು ಸಡಿಲಿದ್ದರೆ ಎರಡು ಮಳೆಗಾಲಕ್ಕೆ ಸಿಪ್ಪೆ ಬಿಡುತ್ತದೆ ಎಂದು ಅಂಥ ಕಲ್ಲನ್ನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಹಾಸುವಾಗ ಇನ್ನೊಂದು ನೇಮ ಇತ್ತು. ಪ್ರತಿ ಕಲ್ಲಿಗೂ ಹೊಟ್ಟೆ ಯಾವುದು, ಬೆನ್ನು ಯಾವುದು ಎಂದು ಹುಡುಕಿ, ಹೊಟ್ಟೆಯನ್ನೇ ಕೆಳಗೆ ಮಾಡುತ್ತಿದ್ದ.

“ಗಣಿಯಾಗ ಹ್ಯಾಂಗ ಮಲಗಿತ್ತೋ ಹಂಗೇ ಮಲಗಿಸ್ಬೇಕು. ಮಗ್ಗಲ ಬದಲಿ ಆದ್ರ ಅದಕ್ಕ ನಿದ್ದಿ ಬರಂಗಿಲ್ಲ” ಎನ್ನುತ್ತಿದ್ದ.

ನಾನು ಸಣ್ಣವಳಿದ್ದಾಗ ಇದನ್ನು ಕೇಳಿ ನಗುತ್ತಿದ್ದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಭೂಗೋಳದ ಪುಸ್ತಕದಲ್ಲಿ ಒಂದು ಚಿತ್ರ ಕಂಡೆ. ಸಮುದ್ರದ ತಳದ ರಾಡಿಯ ಮೇಲೆ ಸಣ್ಣ ತೆರೆಗಳು ಬಿಟ್ಟ ಗೆರೆಗಳು, ಅವು ಹಾಗೇ ಕಲ್ಲಾಗಿ ಉಳಿದದ್ದು. ಆ ಗೆರೆ ಮೇಲೆ ಎದ್ದಿರುವ ಕಡೆಯೇ ಪದರಿನ ಮೇಲುಮುಖ ಎಂದು ಬರೆದಿತ್ತು. ಅಪ್ಪ ಬೆರಳಾಡಿಸಿ ಹುಡುಕುತ್ತಿದ್ದ ಬೆನ್ನು ಅದೇ. ಎಂದೂ ಸಮುದ್ರ ನೋಡದ ಮನುಷ್ಯ, ಶಾಲೆಯನ್ನು ನಾಲ್ಕನೆಯದಕ್ಕೆ ಬಿಟ್ಟವನು, ಇದನ್ನು ಹೇಗೆ ಕಂಡುಕೊಂಡನೋ ಗೊತ್ತಿಲ್ಲ. ಆ ದಿನ ಅಪ್ಪನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಸಂಜೆಯ ಬಸ್ಸಿಗೇ ಊರಿಗೆ ಹೋಗಿ ಪುಸ್ತಕ ತೋರಿಸಿದೆ. ಅಪ್ಪ ಚಿತ್ರವನ್ನು ದೂರ ಹಿಡಿದು ನೋಡಿ, “ಹೌದು, ಇದೇ” ಎಂದು ಚಹಾ ಕುಡಿಯತೊಡಗಿದ.

ಅವ್ವ ದುಬಲಗುಂಡಿಯವಳು. ತವರಿನವರು ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು. ಮದುವೆಯಾದ ಮೇಲೆ ಅವ್ವ ಕಳೆ ತೆಗೆಯುವುದನ್ನು ಬಿಟ್ಟು ಅಪ್ಪನ ಬೆನ್ನಿಗೆ ಗಾರೆಯ ಬುಟ್ಟಿ ಹೊತ್ತಳು. ಕಲ್ಲಿನ ವಿಷಯದಲ್ಲಿ ಅವಳ ಕಿವಿಯೂ ಅಪ್ಪನಷ್ಟೇ ಚುರುಕು. ಅವರಿಬ್ಬರೂ ಸೇರಿ ಹಾಸಿದ ಮನೆಗಳಲ್ಲಿ ಕೆಲವು ಎಂಥವಿದ್ದವೆಂದರೆ, ನೆಲ ಮುಗಿಯುವ ತನಕ ಇವರು ಅಡುಗೆಮನೆಯವರೆಗೂ ಓಡಾಡಬಹುದಿತ್ತು. ಆಮೇಲೆ ಗೃಹಪ್ರವೇಶದ ಮನೆಶಾಂತಿಯ ಊಟಕ್ಕೆ ಕರೆದಾಗ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವ್ವ ನಗುತ್ತಾ ಹೇಳುತ್ತಿದ್ದಳು, “ಹೊರಗ ಕುಂತ್ರೇನಾತು, ಒಳಗ ಅವರು ನಡ್ಯಾದು ನಮ್ಮ ಕೈ ಮ್ಯಾಲೇ ಅಲ್ಲೇನು?”

ನಮ್ಮ ಸ್ವಂತ ಮನೆಯ ನೆಲ ಮಾತ್ರ ತುಂಡುಗಳದ್ದು. ದೊಡ್ಡ ಮನೆಯ ಕೆಲಸ ಮುಗಿದ ಮೇಲೆ ಉಳಿದ ಚೂರುಪಾರು ಗೌಂಡಿಗೆ ಬಿಡುವ ರೂಢಿ ಇದೆ. ಹಾಗೆ ತಂದ ನೀಲಿ, ಹಳದಿ, ಬೂದು ತುಂಡುಗಳನ್ನು ಅಪ್ಪ ಕೌದಿಯಂತೆ ಜೋಡಿಸಿದ್ದ. ಇಡೀ ಮನೆಯಲ್ಲಿ ಅಖಂಡ ಚಪ್ಪಡಿ ಒಂದೇ ಒಂದು, ಅದೂ ಅಡುಗೆಮನೆಯಲ್ಲಿ, ಒಲೆಯ ಮುಂದೆ. ಅವ್ವ ಕೂತು ರೊಟ್ಟಿ ಬಡಿಯುತ್ತಿದ್ದದ್ದು ಅದರ ಮೇಲೆ. ಅದಕ್ಕಾಗಿ ಅಪ್ಪ ಮೂರು ಸಲ ಹುಮನಾಬಾದಿಗೆ ಹೋಗಿ ಬಂದನಂತೆ.

ಆ ಕಲ್ಲು ಹೊಳೆಯುತ್ತಿತ್ತು. ದಿನವೂ ರೊಟ್ಟಿಯ ಕೆಲಸ ಮುಗಿದ ಮೇಲೆ ಅವ್ವ ಅದನ್ನು ಒದ್ದೆ ಅರಿವೆಯಿಂದ ಒರೆಸಿ, ಕೈಯಲ್ಲಿ ಉಳಿದ ಕುಸುಬೆ ಎಣ್ಣೆಯ ಪಸೆಯನ್ನು ಅಂಗೈಯಿಂದ ಅದಕ್ಕೆ ತಿಕ್ಕುತ್ತಿದ್ದಳು. ವರ್ಷಗಟ್ಟಲೆ ಹಾಗೆ ತಿಕ್ಕಿ ತಿಕ್ಕಿ ಒಲೆಯ ಉರಿ ಅದರೊಳಗೆ ಕಾಣುವಷ್ಟು ನುಣುಪಾಯಿತು. ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ, “ಇದು ಬರೇ ಫರಸಿ ಇದ್ದಿತ್ತು. ಒಲಿ ಕಾವಿಗೆ ಸಂಗಮರ್ಮರ ಆಗ್ಯಾದ ನೋಡ್ರಿ.” ಸಂಗಮರ್ಮರ ಅಂದರೆ ಅಮೃತಶಿಲೆ. ಅವ್ವ ರೊಟ್ಟಿ ತಿರುವುತ್ತಾ, “ಹೌದ್ರಿ, ಆಗ್ಯಾದ” ಎಂದು ದನಿಗೂಡಿಸುತ್ತಿದ್ದಳು. ಚಿಕ್ಕಂದಿನಲ್ಲಿ ನಾನೂ ಹಾಗೇ ನಂಬಿ ಗೆಳತಿಯರನ್ನು ಕರೆತಂದು ತೋರಿಸಿದ್ದೆ. ಮೇಡಂ ಆದ ಮೇಲೆ ನಂಬಲಿಲ್ಲ. ಊರಿಗೆ ಹೋದಾಗಲೆಲ್ಲ ಅಪ್ಪನಿಗೂ ನನಗೂ ಅದರ ಮೇಲೆ ಒಂದು ಸುತ್ತು ಜಗಳ ಆಗಲೇಬೇಕು. “ಅಪ್ಪಾ, ಒಲೆಯ ಕಾವಿಗೆ ಸುಣ್ಣದ ಕಲ್ಲು ಸುಟ್ಟರೆ ಸುಣ್ಣ ಆಗ್ತದ, ಸಂಗಮರ್ಮರ ಆಗಂಗಿಲ್ಲ” ಎಂದು ನಾನು, “ನೀ ಪುಸ್ತಕ ನೋಡೀದಿ, ನಾ ಕಲ್ಲು ನೋಡೀನಿ” ಎಂದು ಅವನು. ಅವ್ವ ಇಬ್ಬರ ತಟ್ಟೆಗೂ ಬಿಸಿ ರೊಟ್ಟಿ ಹಾಕುತ್ತಿದ್ದಳು.

ಅವ್ವ ಹೋಗಿ ಮೂರು ವರ್ಷವಾಯಿತು. ಮನೆಯಲ್ಲಿ ಈಗ ನನ್ನ ತಮ್ಮ, ಅವನ ಹೆಂಡತಿ, ಅಪ್ಪ ಇದ್ದಾರೆ. ಅಡುಗೆ ಗ್ಯಾಸಿನ ಕಟ್ಟೆಯ ಮೇಲೆ ಆಗುತ್ತದೆ. ಒಲೆಯಲ್ಲಿ ಸ್ನಾನದ ನೀರು ಕಾಯಿಸುತ್ತಾರೆ, ಅಷ್ಟೇ. ಆದರೆ ಬೆಳಗಿನ ಚಹಾವನ್ನು ಅಪ್ಪ ಆ ಕಲ್ಲಿನ ಪಕ್ಕದಲ್ಲೇ ಕೂತು ಕುಡಿಯುತ್ತಾನೆ. ಕಲ್ಲಿನ ಮೇಲೆ ಕೂರುವುದಿಲ್ಲ.

ಹೋದ ವರ್ಷ ಶಿಲೆಗಳ ಪಾಠ ಬಂದಾಗ ನನಗೊಂದು ಹುಕಿ ಬಂತು. ಮಕ್ಕಳಿಗೆ ಕಲ್ಲನ್ನು ಕೈಯಾರೆ ಮುಟ್ಟಿಸಬೇಕು ಎಂದು. ನಾನು ಪಾಠ ಚೆನ್ನಾಗಿಯೇ ಮಾಡುತ್ತೇನೆ, ಸುಳ್ಳು ವಿನಯ ಯಾಕೆ. ಬಿಸಿಲು, ಗಾಳಿ, ಮಳೆ ಸೇರಿ ಬೆಟ್ಟವನ್ನು ಸವೆಸುವುದು, ಸವೆದ ಪುಡಿಯನ್ನು ಹೊಳೆ ಹೊತ್ತೊಯ್ಯುವುದು, ಓಟ ಕಡಿಮೆಯಾದಂತೆ ಮೊದಲು ಹರಳು, ಆಮೇಲೆ ಮರಳು, ಕೊನೆಗೆ ನಿಂತ ನೀರಿನಲ್ಲಿ ನುಣ್ಣನೆಯ ರಾಡಿಯನ್ನು ಇಳಿಸುವುದು, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಸಮುದ್ರದ ನೀರಿನಲ್ಲಿ ಕರಗಿದ ಸುಣ್ಣವೂ ಹಾಗೇ ತಳ ಹಿಡಿಯುತ್ತದೆ. ಪದರಿನ ಮೇಲೆ ಪದರು ಬೀಳುತ್ತದೆ. ಮೇಲಿನ ಭಾರಕ್ಕೆ ಕೆಳಗಿನದರ ನೀರು ಹಿಂಡಿಹೋಗಿ, ಕಣಗಳ ನಡುವೆ ಅಂಟು ಕೂತು, ರಾಡಿ ಕಲ್ಲಾಗುತ್ತದೆ. ಶಹಾಬಾದಿನ ಸುತ್ತ ಈಗ ತೊಗರಿ ಬೆಳೆಯುವ ನೆಲದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು, ಮೀನು ಕೂಡ ಇನ್ನೂ ಹುಟ್ಟಿರದ ಕಾಲದ ಸಮುದ್ರ ಎಂದಾಗ ಮಕ್ಕಳ ಬಾಯಿ ತೆರೆದೇ ಇರುತ್ತದೆ. ಮೀನಿಲ್ಲದ ಸಮುದ್ರದಲ್ಲಿ ಮತ್ತೆ ಏನಿತ್ತು ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ.

ಆಮೇಲೆ ರೂಪಾಂತರ ಶಿಲೆ. ಆ ಕಲ್ಲು ಭೂಮಿಯ ಆಳಕ್ಕೆ ಇಳಿದರೆ, ಇಲ್ಲವೇ ಕುದಿಯುವ ಶಿಲಾರಸ ಅದರ ಮಗ್ಗುಲಿಗೆ ಬಂದರೆ, ಕಾವಿಗೂ ಒತ್ತಡಕ್ಕೂ ಅದರ ಒಳಗು ಬದಲಾಗುತ್ತದೆ. ಕರಗುವುದಿಲ್ಲ, ಇದನ್ನು ನಾನು ಎರಡು ಸಲ ಹೇಳುತ್ತೇನೆ. ಕರಗಿದರೆ ಅದು ಅಗ್ನಿಶಿಲೆಯ ಸಾಲಿಗೆ ಹೋಗುತ್ತದೆ. ಗಟ್ಟಿಯಾಗಿ ಇದ್ದುಕೊಂಡೇ ಕಣಗಳು ಹೊಸದಾಗಿ ಬೆಳೆದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಜೇಡಿಗಲ್ಲು ನಾವು ಬರೆಯುತ್ತಿದ್ದ ಪಾಟಿಯ ಕಲ್ಲಾಗುತ್ತದೆ, ಮರಳುಗಲ್ಲು ಉಳಿಗೂ ಬಗ್ಗದಷ್ಟು ಗಟ್ಟಿಯಾಗುತ್ತದೆ, ಸುಣ್ಣದ ಕಲ್ಲು ಅಮೃತಶಿಲೆಯಾಗುತ್ತದೆ. ಅಮೃತಶಿಲೆಯಲ್ಲಿ ಹಳೆಯ ಪದರುಗಳು ಸಾಮಾನ್ಯವಾಗಿ ಅಳಿಸಿಹೋಗಿರುತ್ತವೆ. ಒಡೆದ ಅಂಚು ಕಲ್ಲುಸಕ್ಕರೆಯಂತೆ ಮಿನುಗುತ್ತದೆ.

ತೊಂದರೆ ಏನೆಂದರೆ ನಮ್ಮ ಸುತ್ತಮುತ್ತ ಅಗೆದರೆ ಸಿಗುವುದು ಕರಿಕಲ್ಲು, ಇಲ್ಲವೇ ಕೆಂಪುಕಲ್ಲು. ಕರಿಕಲ್ಲು ಬೆಂಕಿಯಿಂದ ಬಂದದ್ದು. ಕೆಂಪುಕಲ್ಲು ಆ ಕರಿಕಲ್ಲೇ ಬಿಸಿಲು ಮಳೆಗೆ ಕೊಳೆತು ಆದದ್ದು. ಕಣಶಿಲೆ ನೋಡಬೇಕೆಂದರೆ ಯಾರದಾದರೂ ಮನೆಯ ನೆಲವನ್ನೇ ನೋಡಬೇಕು. ಹಾಗಾಗಿ ಒಂದು ಶನಿವಾರ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ತರಗತಿಯ ಮೂವತ್ತೆಂಟರಲ್ಲಿ ಬರಲು ಒಪ್ಪಿದ ಇಪ್ಪತ್ತೆರಡು ಮಕ್ಕಳನ್ನು ಟೆಂಪೊದಲ್ಲಿ ತುಂಬಿಕೊಂಡು ಹೊರಟೆ. ಮೊದಲು ನಾರಾಯಣಪುರದ ಹಳೆಯ ಶಿವನ ಗುಡಿಯಲ್ಲಿ ಕೆತ್ತಿದ ಕಲ್ಲು ನೋಡುವುದು, ಆಮೇಲೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಫರಸಿ ನೋಡುವುದು. ಸುಣ್ಣದ ಕಲ್ಲಿನ ಮೇಲೆ ಆಸಿಡ್ ಹಾಕಿದರೆ ನೊರೆ ಬರುತ್ತದೆ ಎಂದು ತೋರಿಸಲು ವಿಜ್ಞಾನದ ಮೇಡಂ ಹತ್ತಿರ ಒಂದು ಸಣ್ಣ ಬಾಟಲಿ ಆಸಿಡ್ ಕೇಳಿ ತಂದಿದ್ದೆ. ಅವರು ಒಂದೇ ಹನಿ ಸಾಕು, ಹುಷಾರು ಎಂದು ಹೇಳಿ ಕೊಟ್ಟಿದ್ದರು.

ಅಪ್ಪ ಒಗೆದ ಧೋತರ, ಬಿಳಿ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಮಕ್ಕಳೆಲ್ಲ ತಮ್ಮ ಅಜ್ಜನನ್ನು ಕರೆಯುವಂತೆ ಅವನನ್ನು ಮುತ್ಯಾ ಎಂದು ಕರೆದದ್ದೇ ತಡ, ನನ್ನನ್ನು ಮರೆತುಬಿಟ್ಟ. ಅಂಗಳದಲ್ಲಿ ಹಳೆಯ ತುಂಡುಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬರ ಕೈಗೂ ಸುತ್ತಿಗೆ ಕೊಟ್ಟು ತಟ್ಟಿಸಿದ. ಠಣ್ ಅಂತೋ ಬದ್ ಅಂತೋ ಎಂದು ಕೇಳಿದ. ಒಂದು ತುಂಡಿಗೆ ಉಳಿ ಇಟ್ಟು ಮೆಲ್ಲಗೆ ಹೊಡೆದು ಪದರನ್ನು ಹಾಳೆಯಂತೆ ಎಬ್ಬಿಸಿ ತೋರಿಸಿದ. ಹೊಟ್ಟೆ, ಬೆನ್ನು ಹೇಳಿಕೊಟ್ಟ. ಮೂರು ದಿನದಲ್ಲಿ ನಾನು ಕಲಿಸಿದ್ದನ್ನು ಅರ್ಧ ಗಂಟೆಯಲ್ಲಿ ಕಲಿಸಿಬಿಟ್ಟ. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಕ್ಕಳು ಒಳಗೆ ಬಂದು ನೆಲದ ಬಣ್ಣ ಬಣ್ಣದ ತುಂಡುಗಳನ್ನು ನೋಡುತ್ತಾ ಅಡುಗೆಮನೆಗೆ ಹೋದರು. ಅಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ, ತರಗತಿಯಲ್ಲಿ ಯಾವಾಗಲೂ ಪ್ರಶ್ನೆ ಕೇಳುವವಳು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಮುತ್ಯಾ, ಇದೊಂದೇ ಯಾಕ ಇಷ್ಟು ಮಿಂಚ್ತದ?”

“ಅದು ಫರಸಿ ಇದ್ದಿತ್ತವ್ವಾ. ಒಲಿ ಕಾವಿಗೆ ಸಂಗಮರ್ಮರ ಆಗ್ಯಾದ.”

“ಮೇಡಂ ಹೇಳಿದ್ರಲ್ಲ, ಕಾವು, ಒತ್ತಡ!” ಎಂದು ಹುಡುಗರು ಕೂಗಿದರು. ನನ್ನ ಪಾಠವೇ ನನಗೆ ತಿರುಗಿ ಬಿದ್ದಿತ್ತು. ನಾನು ಮುಂದೆ ಬಂದೆ. ಆ ಕಾವು ಒಲೆಯದಲ್ಲ, ಭೂಮಿಯ ಆಳದ್ದು, ಒಂದೆರಡು ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದೆ.

“ಮೂವತ್ತು ವರ್ಷ ಕಾವು ಕೊಟ್ಟಾಳ ಇವರವ್ವ” ಎಂದ ಅಪ್ಪ, ಮಕ್ಕಳ ಕಡೆ ಕಣ್ಣು ಮಿಟುಕಿಸಿ. “ಒತ್ತಡಾನೂ ಕೊಟ್ಟಾಳ. ದಿನಾ ಎಷ್ಟು ರೊಟ್ಟಿ ಬಡೀತಿದ್ಲು ಅಂತ ನಿಮ್ಮ ಮೇಡಂಗೇ ಕೇಳ್ರಿ. ಎಲ್ಲಾರಿಗಿಂತ ಜಾಸ್ತಿ ತಿಂದಾಕಿ ಇಕಿನೇ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಕೆನ್ನೆ ಬಿಸಿಯಾಯಿತು. ನಗು ನಿಲ್ಲುವ ಮೊದಲೇ ಆ ಹುಡುಗಿ ಕೇಳಿದಳು, “ಹಂಗಾದ್ರ ಯಾವ್ದು ಖರೆ ಮೇಡಂ? ನಾವು ಏನ್ ಬರಕೋಬೇಕು?”

“ಈಗಲೇ ತೋರಿಸ್ತೀನಿ” ಎಂದು ಚೀಲದಿಂದ ಬಾಟಲಿ ತೆಗೆದೆ.

ಅಪ್ಪನ ಮುಖ ಬದಲಾಯಿತು. “ಬ್ಯಾಡ ಯವ್ವಾ. ಅದರ ಮ್ಯಾಲ ಬ್ಯಾಡ. ಅಂಗಳದಾಗ ಬೇಕಾದಷ್ಟು ತುಂಡ ಅವ.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂದು ಹನಿ ಎಂದಿದ್ದರು ವಿಜ್ಞಾನದ ಮೇಡಂ. ನಾನು ಬಾಟಲಿಯನ್ನೇ ಬಗ್ಗಿಸಿದೆ. ಕಲ್ಲಿನ ನಟ್ಟನಡುವೆ ಬುಸ್ಸೆಂದು ಬಿಳಿ ನೊರೆ ಎದ್ದಿತು. “ನೋಡಿದಿರಾ? ಸುಣ್ಣದ ಕಲ್ಲು. ಅಮೃತಶಿಲೆ ಅಲ್ಲವೇ ಅಲ್ಲ. ಮುತ್ಯಾ ಹೇಳಿದ್ದು ತಪ್ಪು, ಹಾಗೇ ಬರೆದುಕೊಳ್ಳಿ” ಎಂದೆ. ಎಲ್ಲರೂ ನೋಟ್‌ಬುಕ್ ತೆಗೆದರು.

ಅಪ್ಪ ಒಂದು ತಂಬಿಗೆ ನೀರು ತಂದು ಸುರಿದ, ಹೆಗಲ ಮೇಲಿನ ಟವೆಲಿನಿಂದ ಒರೆಸಿದ, ಮತ್ತೆ ಸುರಿದ, ಮತ್ತೆ ಒರೆಸಿದ. ಅಂಗೈ ಅಗಲದ ಒಂದು ಬಿಳಿಚಿದ ಕಲೆ ಉಳಿಯಿತು. ಅದರ ಮೇಲೆ ಕಿಟಕಿಯ ಬೆಳಕು ಬೀಳುತ್ತಿತ್ತು, ಆದರೆ ಅದರೊಳಗೆ ಕಾಣುತ್ತಿರಲಿಲ್ಲ. ಅಪ್ಪ ತಮ್ಮನ ಹೆಂಡತಿಯ ಕಡೆ ತಿರುಗಿ, “ಮಕ್ಳು ಹಸದಾವ, ಸುಸಲಾ ಕೊಡು” ಎಂದು ಹೊರಗೆ ಹೋಗಿ ಕೂತ. ಚುರುಮುರಿ ಸುಸಲಾ ತಿಂದು ಟೆಂಪೊ ಹತ್ತುವಾಗ ಮಕ್ಕಳಿಗೆಲ್ಲ ಕೈಬೀಸಿದ. ನಿಜ ಹೇಳಬೇಕೆಂದರೆ, ಆ ದಿನ ಹುಮನಾಬಾದಿಗೆ ಬರುವವರೆಗೂ ನನಗೆ ಗೆದ್ದ ಖುಷಿಯೇ ಇತ್ತು.

ಸೋಮವಾರ ಖಾಲಿ ಬಾಟಲಿ ಕೊಡುವಾಗ ವಿಜ್ಞಾನದ ಮೇಡಂಗೆ ಇದನ್ನೆಲ್ಲ ಹೇಳಿದೆ. ಅವರು ನಗಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು.

“ಅಲ್ಲ ಮೇಡಂ, ಸಂಗಮರ್ಮರದ ಮೇಲೆ ಹಾಕಿದರೂ ನೊರೆ ಬರ್ತದಲ್ಲ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಕಣಗಳ ಜೋಡಣೆ ಬೇರೆ, ವಸ್ತು ಒಂದೇ. ಇದರಿಂದ ಯಾವುದು ಯಾವುದು ಅಂತ ಹೇಳಲಿಕ್ಕೆ ಬರಂಗಿಲ್ಲ.”

ನಾನು ಕುರ್ಚಿ ಎಳೆದುಕೊಂಡು ಕೂತೆ. ರೂಪಾಂತರದಲ್ಲಿ ವಸ್ತು ಅದೇ ಇರುತ್ತದೆ, ರೂಪ ಬದಲಾಗುತ್ತದೆ ಎಂದು ಪ್ರತಿ ವರ್ಷ ಬಾಯಿಪಾಠ ಹೇಳಿಸುವವಳು ನಾನೇ. ಕಲ್ಲು ಫರಸಿ ಎಂಬ ನನ್ನ ಮಾತು ಸರಿ ಇತ್ತು, ಆದರೆ ನಾನು ತೋರಿಸಿದ ಸಾಕ್ಷಿ ಸಾಕ್ಷಿಯೇ ಅಲ್ಲ. ಏನನ್ನೂ ಸಾಧಿಸದ ಒಂದು ಪರೀಕ್ಷೆಗಾಗಿ ಅವ್ವನ ಮೂವತ್ತು ವರ್ಷದ ಕೈಯನ್ನು ಸುಟ್ಟಿದ್ದೆ. ಆಮೇಲೆ ಇನ್ನೊಂದು ನೆನಪಾಯಿತು. ಕೆಲಸ ಮುಗಿಸಿ ಹೊರಡುವಾಗ ಅಪ್ಪ ಪ್ರತಿ ಮನೆಯ ಹೆಂಗಸರಿಗೂ ತಪ್ಪದೆ ಹೇಳುತ್ತಿದ್ದ ಮಾತು: “ಫರಸಿಗೂ ಸಂಗಮರ್ಮರಕ್ಕೂ ಆಸಿಡ್ ಸೋಕಿಸಬ್ಯಾಡ್ರಿ ಅವ್ವಾರ, ಎರಡನ್ನೂ ತಿಂತದ.” ಅವನಿಗೆ ಗೊತ್ತಿತ್ತು. ಇಪ್ಪತ್ತೆರಡು ಮಕ್ಕಳ ಮುಂದೆ ಒಂದು ಮಾತು ಆಡಿದ್ದರೆ ನನ್ನ ಮಾನ ಹೋಗುತ್ತಿತ್ತು. ಆಡಲಿಲ್ಲ.

ಆ ವಾರವೆಲ್ಲ ಫೋನ್ ಮಾಡಿದಾಗ ಅಪ್ಪ ಎಂದಿನಂತೆಯೇ ಮಾತಾಡಿದ. ಊಟ ಆಯಿತೇ, ಅಳಿಯಂದಿರು ಹೇಗಿದ್ದಾರೆ, ಮಳೆ ಬಂತೇ. ಭಾನುವಾರ ಬಸ್ಸು ಹತ್ತಿ ಹೋದೆ. ಅಪ್ಪ ಅಡುಗೆಮನೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ಕಲೆಯ ಮೇಲೆ ನೀರು ಚಿಮುಕಿಸಿ ತಿಕ್ಕುವ ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಿದ್ದ. ಶನಿವಾರದಿಂದ ದಿನಾ ಇದೇ ನಡೆದಿದೆ, ಬೆನ್ನು ನೋವು ಎಂದರೂ ಕೇಳುವುದಿಲ್ಲ ಎಂದಳು ತಮ್ಮನ ಹೆಂಡತಿ.

ಎದುರಿಗೆ ಕೂತೆ. ಕಲೆ ಬಹಳ ಮಟ್ಟಿಗೆ ಹೋಗಿತ್ತು.

“ಹೊಳಪ ಬಂದದ” ಎಂದ ಅಪ್ಪ, ತಲೆ ಎತ್ತದೆ. “ಅಕಿ ಹೊಳಪ ಅಲ್ಲ. ಇದು ಗೌಂಡಿ ಹೊಳಪ.”

“ಎರಡಕ್ಕೂ ನೊರೆ ಬರ್ತದ ಅಂತ ನಿನಗ ಗೊತ್ತಿತ್ತಲ್ಲ?”

“ಗೊತ್ತಿರದೇನು.”

“ಮತ್ತ ಯಾಕ ಅನ್ನಲಿಲ್ಲ?”

“ಮಕ್ಕಳ ಮುಂದ ಮೇಡಂಗ ಹ್ಯಾಂಗ ಅನ್ಲಿ?”

ನನ್ನ ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ನೀರಿನ ತಂಬಿಗೆ ತೆಗೆದುಕೊಂಡು ಚಿಮುಕಿಸಿದೆ. ಅಪ್ಪ ಉಜ್ಜಿದ. ಆಮೇಲೆ, ಇದು ಫರಸಿ ಎಂಬುದೂ ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅಪ್ಪ ನಕ್ಕ.

“ಹುಟ್ಟಿದಾಗಿಂದ ಕಲ್ಲು ಬಡದೀನಿ. ಇಷ್ಟೂ ತಿಳಿಯಂಗಿಲ್ಲೇನು ನನಗ?”

ಆಗ ಅವನು ಹೇಳಿದ್ದು ಇಷ್ಟು. ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಒಂದು ದೊಡ್ಡ ಮನೆಯಲ್ಲಿ ಸಂಗಮರ್ಮರ ಹಾಸಿದರು. ಕೊನೆಯ ದಿನ ನೆಲ ತೊಳೆದ ಮೇಲೆ ಅವ್ವ ಅಲ್ಲೇ ಕೂತು ಎರಡೂ ಅಂಗೈ ಊರಿ, ನಮಗೂ ಇಂಥದ್ದು ಒಂದೇ ಒಂದು ಕಲ್ಲು ಇದ್ದರೆ ಅದರ ಮೇಲೆ ರೊಟ್ಟಿ ಬಡಿಯುತ್ತಿದ್ದೆ ಎಂದಳಂತೆ. ಅದು ಅಪ್ಪನ ಕೈಲಾಗುವ ಮಾತಾಗಿರಲಿಲ್ಲ. ಮೂರು ಸಲ ಹುಮನಾಬಾದಿಗೆ ಹೋಗಿ ಎಲ್ಲಕ್ಕಿಂತ ಒಳ್ಳೆಯ ಫರಸಿ ಆರಿಸಿ ತಂದು ಒಲೆಯ ಮುಂದೆ ಹಾಸಿ, “ನೀ ಬಡೀತಾ ಹೋಗು, ಕಾವಿಗೆ ಇದೇ ಸಂಗಮರ್ಮರ ಆಗ್ತದ” ಎಂದುಬಿಟ್ಟ. ಹೊಸ ಹೆಂಡತಿಗೆ ಹೇಳಿದ ಸುಳ್ಳು. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

“ಅವ್ವ ನಂಬಿದ್ಲೇನು?”

ಅಪ್ಪ ಉಜ್ಜುವುದನ್ನು ನಿಲ್ಲಿಸಿದ. “ಅಕಿ ಹ್ಯಾಂಗ ನಂಬ್ತಾಳ? ನನಗಿಂತ ಛಲೋ ಕಲ್ಲು ಗೊತ್ತಿತ್ತು ಅಕಿಗಿ. ಮೊದಲನೇ ದಿನಾನೇ ಬೆರಳಿಲೆ ತಟ್ಟಿ ನೋಡಿ ನಕ್ಕಿದ್ಲು. ಆದ್ರ ಮಂದಿ ಮುಂದ ಒಂದ ದಿನಾನೂ ನನ್ನ ಮಾತ ತೆಗದ ಹಾಕ್ಲಿಲ್ಲ.”

ಅವನು ಅದನ್ನು ನನಗೆ ಚುಚ್ಚಲು ಹೇಳಲಿಲ್ಲ. ಅವ್ವನ ನೆನಪಿನಲ್ಲಿ ಹೇಳಿದ, ಹೇಳಿ ಮತ್ತೆ ಉಜ್ಜತೊಡಗಿದ. ಅದಕ್ಕೇ ಅದು ನನಗೆ ಅಷ್ಟು ನಾಟಿತು. ತಪ್ಪಾಯಿತು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಮೂವತ್ತೆಂಟು ಮಕ್ಕಳ ಗದ್ದಲವನ್ನು ಒಂದು ಕೂಗಿಗೆ ನಿಲ್ಲಿಸುವ ಬಾಯಿಂದ ಆ ಒಂದು ಶಬ್ದ ಹೊರಡಲಿಲ್ಲ. ಸಂಜೆಯ ಬಸ್ಸಿಗೆ ಹಾಗೇ ಹಿಂದಿರುಗಿದೆ.

ಮರುದಿನ ಎಂಟನೇ ತರಗತಿಗೆ ಹೋಗಿ, ನಮ್ಮ ಮನೆಗೆ ಬಂದಿದ್ದ ಇಪ್ಪತ್ತೆರಡು ಮಕ್ಕಳನ್ನು ಮುಂದಿನ ಬೆಂಚುಗಳಲ್ಲಿ ಕೂರಿಸಿದೆ. ಆಸಿಡ್ಡಿನ ಪರೀಕ್ಷೆ ತಪ್ಪು, ಅದರಿಂದ ಸುಣ್ಣದ ಕಲ್ಲನ್ನೂ ಅಮೃತಶಿಲೆಯನ್ನೂ ಬೇರೆ ಮಾಡಲು ಬರುವುದಿಲ್ಲ, ಒಡೆದ ಅಂಚನ್ನು, ಪದರನ್ನು, ಕಣವನ್ನು ನೋಡಬೇಕು ಎಂದು ವಿವರಿಸಿದೆ. ಮುತ್ಯಾನಿಗೆ ಇದು ಮೊದಲೇ ಗೊತ್ತಿತ್ತು, ನನ್ನ ಮರ್ಯಾದೆ ಉಳಿಸಲು ಸುಮ್ಮನಿದ್ದರು ಎಂದೂ ಹೇಳಿದೆ. ಕಲ್ಲಿನ ಹಿಂದಿನ ಕತೆ ಹೇಳಲಿಲ್ಲ, ಅದು ಅವರಿಬ್ಬರದ್ದು.

ಎರಡು ಜಡೆಯ ಹುಡುಗಿ ಕೈ ಎತ್ತಿದಳು. “ಮುತ್ಯಾಗ ತಪ್ಪಾಯ್ತು ಅಂತ ಹೇಳಿದ್ರೇನ್ರಿ ಮೇಡಂ?”

“ಇಲ್ಲ” ಎಂದೆ.

ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ತಪ್ಪು ಮಾಡಿದ್ದು ಇವರ ಮುಂದೆ, ಒಪ್ಪಿಕೊಳ್ಳುವುದೂ ಇವರ ಮುಂದೆಯೇ ಆಗಬೇಕು ಎನ್ನಿಸಿತು. ಮೊಬೈಲ್ ತೆಗೆದು, ಸ್ಪೀಕರ್ ಹಚ್ಚಿ, ಮೇಜಿನ ಮೇಲಿಟ್ಟೆ. ಅಪ್ಪ ಎತ್ತಿದ.

“ಅಪ್ಪಾ, ಕ್ಲಾಸಿನಾಗ ಅದೀನಿ. ಅವತ್ತ ಬಂದ ಮಕ್ಳು ಎಲ್ಲಾರೂ ಕೇಳಾಕತ್ತಾರ.”

“ಏನಾತು ಯವ್ವಾ?”

“ಅವತ್ತ ಇವರ ಮುಂದ ನಿನ್ನ ಮಾತ ತೆಗದ ಹಾಕ್ದೆ. ಬ್ಯಾಡ ಅಂದ್ರೂ ಕೇಳ್ಲಿಲ್ಲ. ತಪ್ಪಾತು ಅಪ್ಪಾ.”

ಆ ಕಡೆ ತಿಕ್ಕುವ ಕಲ್ಲನ್ನು ನೆಲಕ್ಕಿಟ್ಟ ಸದ್ದು ಕೇಳಿತು. ನಾನು ಫೋನಿನ ಹತ್ತಿರ ಬಗ್ಗಿದೆ.

“ಮಕ್ಳು ಅದಾರೇನು ಅಲ್ಲಿ?” ಎಂದ ಅಪ್ಪ.

“ಅದೀವ್ರಿ ಮುತ್ಯಾ!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

“ಹಂಗಾದ್ರ ಬರಕೋರಿ. ನಮ್ಮ ಒಲಿ ಮುಂದಿಂದು ಫರಸಿ. ಸಂಗಮರ್ಮರ ಅಲ್ಲ. ಒಲಿ ಕಾವಿಗೆ ಕಲ್ಲು ಬದಲಾಗಂಗಿಲ್ಲ. ನಿಮ್ಮ ಮೇಡಂ ಹೇಳಿದ್ದೇ ಖರೆ ಅದ, ಪರೀಕ್ಷಾದಾಗ ಅದೇ ಬರೀರಿ.”

ಹದಿನೈದು ವರ್ಷದಿಂದ ಅಪ್ಪನ ಬಾಯಲ್ಲಿ ಈ ಮಾತು ಹೇಳಿಸಬೇಕೆಂದು ನಾನು ಜಗಳವಾಡಿದ್ದೆ. ಅವ್ವ ಬದುಕಿರುವ ತನಕ ಅವನು ಹೇಳಿರಲಿಲ್ಲ, ಹೋದ ಮೇಲೂ ಹೇಳಿರಲಿಲ್ಲ. ಈಗ ನನಗಾಗಿ ಹೇಳಿಬಿಟ್ಟ. ಮಕ್ಕಳು ತಲೆ ತಗ್ಗಿಸಿ ಬರೆಯತೊಡಗಿದರು. ಬೇಡ, ಅದನ್ನು ಬರೆಯಬೇಡಿ ಎನ್ನಬೇಕೆಂದುಕೊಂಡೆ. ಆದರೆ ಅವರ ಮುಂದೆ ಅಪ್ಪನ ಮಾತನ್ನು ಮತ್ತೊಮ್ಮೆ ತೆಗೆದುಹಾಕಲಿಲ್ಲ. ಇಪ್ಪತ್ತೆರಡು ಮಕ್ಕಳೂ ಬರೆದು ಮುಗಿಸಿದರು.